ಇಪ್ಪತ್ತೆರಡು ಹಲ್ಲಿನ ಫ್ರೀವೀಲ್

"ಯಜಮಾನ್ರು ಇಲ್ವಾ?" ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತುಮಕೂರಿನ ಈ ಸೈಕಲ್ ಸಾಮಾನಿನ ಅಂಗಡಿಯನ್ನು ನಾನೊಬ್ಬಳೇ ನಡೆಸಲು ಶುರುಮಾಡಿ ಎಂಟು ವರ್ಷವಾಯಿತು. ಅದಕ್ಕೂ ಮುಂಚೆ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತ ವರ್ಷಗಳು ಬೇರೆ. ಇಷ್ಟಾದರೂ ದಿನಕ್ಕೊಬ್ಬ ಬಂದು, ನಾನೊಂದು ಕಂಬವೋ ಎಂಬಂತೆ ನನ್ನ ಪಕ್ಕದಿಂದ ಒಳಗೆ ಇಣುಕಿ, ಗಂಡಸು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಾನೆ.

"ನಾನೇ ಯಜಮಾನಿ. ಏನ್ ಬೇಕು ಹೇಳಿ."

"ಅಲ್ಲಮ್ಮ, ಸೈಕಲ್ ಸಾಮಾನು ಬೇಕಿತ್ತು..."

"ಮತ್ತೆ ಇದೇನು ಬಳೆ ಅಂಗಡಿ ಥರ ಕಾಣ್ತಾ ಇದೆಯಾ?"

ಹೀಗೆ ಮಾತಾಡುವುದರಿಂದ ವ್ಯಾಪಾರ ಹಾಳಾಗುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಲೇ ಇರುತ್ತಾರೆ. ಅವರು ಗುಬ್ಬಿಯಲ್ಲಿ ಶಾಲಾ ಮೇಷ್ಟ್ರು. ಮಕ್ಕಳ ಹತ್ತಿರ ಮೆತ್ತಗೆ ಮಾತಾಡಿ ಅಭ್ಯಾಸ. ನಾನು ಬೆಳಿಗ್ಗೆ ಗುಬ್ಬಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ನಿಂತುಕೊಂಡು ಬಂದು, ಶಟರ್ ಎತ್ತಿ, ಗ್ರೀಸ್ ಹತ್ತಿದ ಕೈಯಲ್ಲೇ ಟೀ ಕುಡಿಯುವವಳು. ನನ್ನ ಹತ್ತಿರ ಮೆತ್ತಗಿನ ಮಾತು ಯಾರಿಗೂ ಸಿಗುವುದಿಲ್ಲ, ಆದರೆ ಸರಿಯಾದ ಸಾಮಾನು ಸಿಗುತ್ತದೆ. ಅಷ್ಟು ಸಾಲದೇ?

ಅದರಲ್ಲೂ ಏರು ಹತ್ತುವ ಸೈಕಲ್ಲಿನವರು ಬಂದರೆ ನನಗೆ ಹುರುಪು. ಭಾನುವಾರ ದೇವರಾಯನದುರ್ಗ ಹತ್ತಲು ಬೆಂಗಳೂರಿನಿಂದ ಬರುವ ಗೇರ್ ಸೈಕಲ್ಲಿನ ದಂಡು ಒಂದು ಕಡೆ, ಕ್ಯಾತ್ಸಂದ್ರದ ಹಾಸ್ಟೆಲುಗಳ ಕಾಲೇಜು ಹುಡುಗರು ಇನ್ನೊಂದು ಕಡೆ. ಎಲ್ಲರಿಗೂ ಸ್ಪೀಡ್ ಬೇಕು. ಹಿಂದಿನ ಚಕ್ರದ ಫ್ರೀವೀಲ್, ಅಂದರೆ ಚೈನು ಕೂರುವ ಆ ಹಲ್ಲಿನ ಬಿಲ್ಲೆ, ಚಿಕ್ಕದಾದಷ್ಟೂ ಸೈಕಲ್ ಓಡುತ್ತದೆ ಎಂದು ಎಲ್ಲೋ ಮೊಬೈಲಿನಲ್ಲಿ ನೋಡಿಕೊಂಡು ಬಂದಿರುತ್ತಾರೆ. ಓಡುತ್ತದೆ, ನಿಜ. ಹೆದ್ದಾರಿಯಲ್ಲಿ ಕೋರದ ಕಡೆಗೆ ಸಮತಟ್ಟು ರಸ್ತೆಯಲ್ಲಿ ಹೋಗುವವನಿಗೆ ಹದಿನಾರು ಹಲ್ಲು ಕೊಟ್ಟರೆ ಖುಷಿಯಾಗಿ ಹೋಗುತ್ತಾನೆ. ಅದನ್ನೇ ಹಾಕಿಕೊಂಡು ದುರ್ಗದ ತಿರುವಿಗೆ ಹೋದರೆ ಮಂಡಿ ಚಿಪ್ಪು ಕೈಗೆ ಬರುತ್ತದೆ. "ಏರಲ್ಲಿ ಸ್ಪೀಡ್ ಬೇಕಾದ್ರೆ ಬಸ್ಸಿದೆ, ಹತ್ಕೊಂಡು ಹೋಗಿ," ಎಂದು ಒಬ್ಬ ಕಪ್ಪು ಕನ್ನಡಕದವನಿಗೆ ಹೇಳಿ ಕಳಿಸಿದ್ದೆ. ಮಧ್ಯಾಹ್ನ ಅವನೇ ವಾಪಸ್ ಬಂದು ದೊಡ್ಡ ಹಲ್ಲಿನದು ತೆಗೆದುಕೊಂಡು ಹೋದ. ನಗು ತಡೆದುಕೊಳ್ಳುವುದು ಕಷ್ಟವಾಯಿತು.

ಲೆಕ್ಕ ಸುಲಭ. ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲಿನ ಹಲ್ಲುಚಕ್ರಕ್ಕೆ ನಲವತ್ತನಾಲ್ಕು ಹಲ್ಲು, ಹಿಂದಿನ ಫ್ರೀವೀಲಿಗೆ ಹದಿನೆಂಟು. ಪೆಡಲು ಒಂದು ಸುತ್ತು ಸುತ್ತಿದರೆ ಹಿಂದಿನ ಗಾಲಿ ಎರಡೂವರೆ ಸುತ್ತಿಗೆ ಚೂರು ಕಮ್ಮಿ ತಿರುಗುತ್ತದೆ. ಹಿಂದೆ ಇಪ್ಪತ್ತೆರಡು ಹಾಕಿದರೆ ಎರಡೇ ಸುತ್ತು. ನಿಧಾನ, ಆದರೆ ಹಗುರ. ಎಷ್ಟು ಹಲ್ಲು ಕೊಡಬೇಕು ಎಂದು ತೀರ್ಮಾನಿಸಲು ಅಪ್ಪ ಗಿರಾಕಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏರಲ್ಲಿ ಎಲ್ಲಿ ಇಳಿದು ತಳ್ತೀರಿ?" ಬುಡದಲ್ಲೇ ಇಳಿಯುತ್ತೇನೆ ಎಂದರೆ ಒಂದು ಲೆಕ್ಕ, ಮುಕ್ಕಾಲು ಭಾಗ ಹತ್ತಿ ಇಳಿಯುತ್ತೇನೆ ಎಂದರೆ ಇನ್ನೊಂದು. ನಾನೂ ಅದನ್ನೇ ಕೇಳುತ್ತೇನೆ.

ಇನ್ನೊಂದು ಕ್ರಮ ಈ ಅಂಗಡಿಯಲ್ಲಿ ಮೊದಲಿನಿಂದ ಇದೆ. ಹಳೆಯ ಸಾಮಾನು ಸ್ಯಾಂಪಲ್ಲಿಗೆ ತರಬೇಕು. ಅದು ಬರೀ ಅಳತೆಗಲ್ಲ. ಹಳೆಯ ಫ್ರೀವೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ಚೈನಿನ ಗತಿ ಏನಾಗಿದೆ ಎಂದು ಸೈಕಲ್ ನೋಡದೆಯೇ ಹೇಳಬಹುದು. ಹಲ್ಲುಗಳು ಗರಗಸದಂತೆ ಒಂದೇ ಕಡೆಗೆ ಬಾಗಿ ಚೂಪಾಗಿದ್ದರೆ ಚೈನು ಹಿಗ್ಗಿದೆ ಎಂದರ್ಥ. ಹಿಗ್ಗಿದ ಚೈನು ಸವೆದ ಹಲ್ಲಿನ ಮೇಲೆ ಹೇಗೋ ಕೂರುತ್ತದೆ, ಎರಡೂ ಒಟ್ಟಿಗೆ ಸವೆದಿರುತ್ತವಲ್ಲ. ಅದೇ ಚೈನನ್ನು ಹೊಚ್ಚ ಹೊಸ ಫ್ರೀವೀಲಿಗೆ ಹಾಕಿದರೆ ಕೂರುವುದಿಲ್ಲ. ಸಮತಟ್ಟಿನಲ್ಲಿ ಸುಮ್ಮನಿರುತ್ತದೆ. ಏರಿನಲ್ಲಿ ಎದ್ದು ನಿಂತು ಮೈಭಾರ ಹಾಕಿ ತುಳಿದಾಗ ಹಲ್ಲಿನ ಮೇಲಿಂದ ಹಾರುತ್ತದೆ, ಪೆಡಲು ದಬಕ್ಕನೆ ಕೆಳಗೆ ಹೋಗುತ್ತದೆ, ತುಳಿಯುತ್ತಿದ್ದವರು ನೆಲಕ್ಕೆ. ಅದಕ್ಕೇ ಅಪ್ಪ ಸವೆದ ಸ್ಯಾಂಪಲ್ ತಂದವರಿಗೆ ಹೇಳದೆ ಬಿಡುತ್ತಿರಲಿಲ್ಲ: "ಚೈನೂ ಬದಲಾಯಿಸಿ. ನಮ್ಮ ಹತ್ರಾನೇ ತಗೋಬೇಕು ಅಂತಿಲ್ಲ, ಎಲ್ಲಾದ್ರೂ ತಗೊಳ್ಳಿ. ಆದ್ರೆ ಬದಲಾಯಿಸಿ." ನಾನೂ ಎಷ್ಟು ಜನರಿಗೆ ಈ ಮಾತು ಹೇಳಿದ್ದೇನೋ. ಒಬ್ಬಳಿಗೆ ಮಾತ್ರ ಹೇಳಲಿಲ್ಲ. ಅವಳು ನನ್ನ ತಂಗಿ.

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಅಂಗಡಿಯಲ್ಲೇ ಇರುತ್ತಿದ್ದೆವು. ಅಪ್ಪ ಆಟಕ್ಕೆಂದು ಒಂದು ಫ್ರೀವೀಲನ್ನು ಟೇಬಲ್ಲಿನ ಮೇಲೆ ಹಾಕಿ, ಅರ್ಧ ಅಂಗೈಯಲ್ಲಿ ಮುಚ್ಚಿ, "ಎಷ್ಟು ಹಲ್ಲು?" ಎನ್ನುತ್ತಿದ್ದರು. ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಂದೊಂದಾಗಿ ಎಣಿಸಬೇಕು ಎನ್ನುವಷ್ಟರಲ್ಲಿ ಅವಳು "ಇಪ್ಪತ್ತು" ಎಂದುಬಿಡುತ್ತಿದ್ದಳು. ಇಪ್ಪತ್ತೇ ಇರುತ್ತಿತ್ತು. ಅಪ್ಪನ ಮುಖ ಅರಳುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ, ಆಗಲೂ ಇತ್ತು, ಆಮೇಲೂ ಇತ್ತು.

ನನ್ನನ್ನು ಗುಬ್ಬಿಗೆ ಕೊಟ್ಟರು, ಅವಳನ್ನು ಕುಣಿಗಲ್ ತಾಲ್ಲೂಕಿನಲ್ಲಿ ಹುತ್ರಿದುರ್ಗದ ಕಡೆಯ ಒಂದು ಊರಿಗೆ ಕೊಟ್ಟರು. ಅಮ್ಮ ಮೊದಲೇ ತೀರಿಹೋಗಿದ್ದಳು. ಅಪ್ಪ ಹಾಸಿಗೆ ಹಿಡಿದಾಗ ದಿನಾ ರೈಲಿನಲ್ಲಿ ಬಂದು ಗಂಜಿ ಕುಡಿಸಿ, ಮೈ ಒರೆಸಿ, ಅಂಗಡಿ ತೆಗೆದು, ಮತ್ತೆ ಸಂಜೆಯ ರೈಲಿಗೆ ಓಡಿದವಳು ನಾನು. ಅವಳು ಹದಿನೈದು ದಿನಕ್ಕೊಮ್ಮೆ ಬಂದು ಕಣ್ಣೀರು ಹಾಕಿ ಹೋಗುತ್ತಿದ್ದಳು. ಅಪ್ಪ ಅಂಗಡಿಯನ್ನು ನನ್ನ ಹೆಸರಿಗೆ ಮಾಡಿದರು. ಅವರು ತೀರಿಕೊಂಡ ಹನ್ನೊಂದನೇ ದಿನದ ಊಟಕ್ಕೆ ಎಲೆ ಹಾಕಿ ನೆಂಟರೆಲ್ಲ ಕೂತಿದ್ದಾಗ, ಅನ್ನದ ಪಾತ್ರೆ ಹಿಡಿದುಕೊಂಡು ಬರುತ್ತಿದ್ದ ನನ್ನ ಮುಂದೆಯೇ ಅವಳು ಜೋರಾಗಿ ಹೇಳಿದಳು:

"ಇವಳು ಅಪ್ಪನ್ನ ನೋಡ್ಕೊಂಡಿದ್ದಲ್ಲ, ಅಂಗಡೀನ ನೋಡ್ಕೊಂಡಿದ್ದು."

"ನೀನು ಎರಡನ್ನೂ ನೋಡ್ಲಿಲ್ವಲ್ಲೇ," ಎಂದೆ ನಾನು.

ಪಾತ್ರೆಯನ್ನು ಅಲ್ಲೇ ಕುಕ್ಕಿ ಒಳಗೆ ಹೋದೆ. ಆಮೇಲೆ ಆರು ವರ್ಷ ಮಾತಿಲ್ಲ, ಕತೆಯಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಅವಳು ಆ ಕಡೆಯ ಪಂಕ್ತಿಗೆ, ನಾನು ಈ ಕಡೆಯ ಪಂಕ್ತಿಗೆ. ಅಪ್ಪನ ಮೈ ಒರೆಸಿದ ಕೈಗೆ ಅಂಥಾ ಮಾತು ಅಂಟಿಸಿದವಳನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಎರಡು ವರ್ಷದ ಹಿಂದೆ, ಕಾರ್ತೀಕ ಕಳೆದ ಮೇಲೆ ಒಂದು ಭಾನುವಾರ ಹನ್ನೊಂದು ಗಂಟೆಗೆ ಅವಳು ಅಂಗಡಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಸೊರಗಿದ್ದಳು. ಕರೆಯೋಣವೆಂದು ಸ್ಟೂಲಿನಿಂದ ಅರ್ಧ ಎದ್ದಿದ್ದೆ. ಆದರೆ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಂಗಡಿಯ ಮುಂದೆ ತಗಡಿನ ನೆರಳಲ್ಲಿ ಕೂತು ರಿಪೇರಿ ಮಾಡುವ ಚಾಚಾನ ಹತ್ತಿರ ಹೋದಳು. ಚಾಚಾ ಅಪ್ಪನ ಕಾಲದಿಂದಲೂ ಅಲ್ಲೇ ಕೂರುವವರು. ಸಾಮಾನು ನಾವು ಮಾರುತ್ತೇವೆ, ಕೂರಿಸುವ ಕೆಲಸ ಅವರದು. ನಮ್ಮಿಬ್ಬರನ್ನೂ ಎತ್ತಿ ಆಡಿಸಿದವರು.

"ಚಾಚಾ, ಇಪ್ಪತ್ತೆರಡು ಹಲ್ಲಿನ ಫ್ರೀವೀಲ್ ಇದೆಯಾ ಇಲ್ಲಿ?"

"ಅರೆ ಯಾ ಅಲ್ಲಾ, ಚಿಕ್ಕಮ್ಮ! ಬಾಮ್ಮ ಬಾ, ಎಷ್ಟು ದಿನ ಆಯ್ತು," ಎಂದು ಚಾಚಾ ಕೈ ಒರೆಸಿಕೊಂಡು ಎದ್ದರು. ಆಮೇಲೆ ನನ್ನ ಕಡೆ ನೋಡಿ, "ಅಂಗಡಿ ಅಕ್ಕಂದು, ಅಕ್ಕನ್ನ ಕೇಳು," ಎಂದರು.

ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ಪಾಪ, ಆ ಮನುಷ್ಯ ನಮ್ಮಿಬ್ಬರ ಮಧ್ಯೆ ನಿಂತು ಮಾತು ದಾಟಿಸಬೇಕಾಯಿತು.

"ಇಪ್ಪತ್ತೆರಡು ಯಾಕಮ್ಮ, ನಿಂಗೆ?"

"ಟಪಾಲ್ ಬ್ಯಾಗ್ ಹೊರೋ ಕೆಲಸ ಸಿಕ್ಕಿದೆ ಚಾಚಾ. ಬದಲಿ ಕೆಲಸ. ಕೆಳಗಿನ ರೋಡಲ್ಲಿ ಬಸ್ಸಿಂದ ಬ್ಯಾಗ್ ಇಳಿಸ್ಕೊಂಡು ಮೇಲಿನೂರಿಗೆ ಮುಟ್ಟಿಸಬೇಕು. ಮೂರು ಕಿಲೋಮೀಟರ್ ಪೂರ್ತಿ ಏರು. ಆರು ತಿಂಗಳು ಸರಿಯಾಗಿ ಮಾಡಿದ್ರೆ ಮುಂದಕ್ಕೂ ನಂಗೇ ಕೊಡಿಸ್ತೀನಿ ಅಂದಿದಾರೆ."

"ಗಾಡಿ ಕಲೀಬೋದಿತ್ತಲ್ಲ?"

"ಎರಡು ಸಲ ಕಲ್ತೆ, ಎರಡು ಸಲಾನೂ ಬೇಲಿಗೆ ನುಗ್ಗಿಸ್ದೆ. ಸೈಕಲ್ ಆದ್ರೆ ನಂಗೆ ಗೊತ್ತು. ಬೇವಿನ ಮರದ ತಿರುವಿನ ತನಕ ತುಳೀತೀನಿ, ಅಲ್ಲಿಂದ ಇಳಿದು ತಳ್ಳಬೇಕು. ಹತ್ತಕ್ಕೆ ಮುಟ್ಟೋ ಬ್ಯಾಗ್ ಹತ್ತೂಮುಕ್ಕಾಲು ಆಗತ್ತೆ. ಇದನ್ನೂ ಕಳ್ಕೊಂಡ್ರೆ ಮತ್ತೆ ಮನೇಲಿ ಕೂರೋದೇ. ಹತ್ತೊಂಬತ್ತು ವರ್ಷ ಕೂತಿದೀನಿ ಚಾಚಾ, ಸಾಕು."

ಚಾಚಾಗೆ ಹೇಳಿದ್ದು, ನನಗೆ ಕೇಳಲಿ ಎಂದೇ ಹೇಳಿದ್ದು. ಎಲ್ಲಿ ಇಳಿದು ತಳ್ಳುತ್ತೇನೆ ಎಂಬುದನ್ನು ಯಾರೂ ಕೇಳದೆಯೇ ಹೇಳಿದಳಲ್ಲ. ನಾನು ಒಳಗಿನಿಂದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತು ಸಾಲದು, ಇಪ್ಪತ್ತೆರಡೇ ಸರಿ. ಸರಿಯಾಗಿಯೇ ಆರಿಸಿಕೊಂಡು ಬಂದಿದ್ದಾಳೆ, ಮೂದೇವಿ.

ಕುಣಿಗಲ್‌ನಲ್ಲಿ ಹದಿನಾರು, ಹದಿನೆಂಟು ಬಿಟ್ಟು ಬೇರೆ ಸಿಕ್ಕಿರಲಿಲ್ಲವಂತೆ. ತುಮಕೂರಿನಲ್ಲೂ ಈಗ ಇಡುವವರು ಕಮ್ಮಿ. ಬೇರೆ ಎಲ್ಲ ಅಂಗಡಿ ಸುತ್ತಿ, ಗತಿಯಿಲ್ಲದೆ ನನ್ನ ಹತ್ತಿರ ಬಂದಿದ್ದಳು. ಅದು ಗೊತ್ತಾದಾಗ ನನಗೆ ಆದ ಸಂತೋಷವನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

"ಹಳೇದು ತಂದಿದಾರಾ ಕೇಳಿ," ಎಂದೆ ಚಾಚಾಗೆ.

ಅವಳು ಚೀಲದಿಂದ ತೆಗೆದು ಟೇಬಲ್ಲಿನ ಮೇಲೆ ಇಟ್ಟಳು. ಕೈಗೆ ಕೊಡಲಿಲ್ಲ, ಇಟ್ಟಳು. ನಾನು ಎತ್ತಿಕೊಂಡು ಬೆಳಕಿಗೆ ಹಿಡಿದೆ. ಹದಿನೆಂಟು ಹಲ್ಲು, ಒಂದೊಂದೂ ಬಾಗಿ ಮುಳ್ಳಿನಂತಾಗಿತ್ತು. ಇಷ್ಟು ಸವೆಸಿದ ಚೈನು ಯಾವ ಸ್ಥಿತಿಯಲ್ಲಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರು ಕಿಲೋಮೀಟರ್ ಏರಿನಲ್ಲಿ ಅದು ಹೊಸ ಫ್ರೀವೀಲಿನ ಮೇಲೆ ನಿಲ್ಲುವುದಿಲ್ಲ. ಮೇಲಿನ ಅಟ್ಟಣಿಗೆಯಿಂದ ಇಪ್ಪತ್ತೆರಡರ ಡಬ್ಬಿ ಇಳಿಸಿ, ಒಂದನ್ನು ಆರಿಸಿ, ಬೆರಳಲ್ಲಿ ತಿರುಗಿಸಿ ಕಟಕಟ ಸದ್ದು ಕೇಳಿ, ಕಾಗದದಲ್ಲಿ ಸುತ್ತಿದೆ. ಚೈನಿನ ಮಾತು ನಾಲಗೆಯ ತುದಿಗೆ ಬಂದಿತ್ತು. ದೇವರಾಣೆಗೂ ಬಂದಿತ್ತು. ಅಷ್ಟರಲ್ಲಿ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಚಾಚಾನ ಕಡೆ ತಿರುಗಿ ಹೇಳಿದಳು:

"ಅಪ್ಪ ಇದ್ದಾಗ ಅಂಗಡಿ ಇಷ್ಟು ಗಲೀಜಾಗಿರ್ಲಿಲ್ಲ, ಅಲ್ವಾ ಚಾಚಾ?"

ನನ್ನ ಬಾಯಿ ಅಲ್ಲೇ ಮುಚ್ಚಿಕೊಂಡಿತು. ಹೋಗೇ, ಹೋಗು. ಎಲ್ಲ ಗೊತ್ತಲ್ಲ ನಿನಗೆ, ಅಂಗೈ ಮುಚ್ಚಿದರೂ ಹಲ್ಲು ಕಾಣುವವಳು ನೀನು. ನಾನ್ಯಾಕೆ ಹೇಳಲಿ? ಪೊಟ್ಟಣವನ್ನು ಟೇಬಲ್ಲಿನ ಮೇಲೆ ಇಟ್ಟೆ. ಅವಳೂ ದುಡ್ಡನ್ನು ಟೇಬಲ್ಲಿನ ಮೇಲೆ ಇಟ್ಟಳು. ಚೀಲದ ದಾರ ಕಟ್ಟಿಕೊಳ್ಳುತ್ತಾ ಒಂದು ನಿಮಿಷ ನಿಂತಳು. ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಚಾಚಾ ಒಳಗೆ ಬಂದು ಅವಳು ಬಿಟ್ಟುಹೋಗಿದ್ದ ಹಳೆಯ ಫ್ರೀವೀಲನ್ನು ಎತ್ತಿಕೊಂಡರು.

"ಇದನ್ನ ನೋಡ್ದೇನಮ್ಮ?"

"ನೋಡ್ದೆ."

"ಚೈನ್ ಬದಲಾಯಿಸು ಅಂತ ಹೇಳ್ಲಿಲ್ಲ ನೀನು."

"ಅವಳಿಗೇನು ಕಣ್ಣಿಲ್ವಾ? ಕೂರಿಸೋ ಮೆಕ್ಯಾನಿಕ್ ಹೇಳ್ತಾನೆ ಬಿಡಿ."

"ಈಗಿನ ಹುಡುಗರು ಎಲ್ಲಿ ನೋಡ್ತಾರೆ? ನಿಮ್ಮಪ್ಪ ಜಗಳ ಆಡ್ದೋರಿಗೂ ಹೇಳೇ ಕಳಿಸ್ತಿದ್ರು. ಕುಣಿಗಲ್ ಬಸ್ ಇನ್ನೂ ಹೊರಟಿರಲ್ಲ. ನಾನು ಓಡಿಹೋಗಿ ಹೇಳಿ ಬರ್ಲಾ?"

"ಹೋದ್ರೆ ಹಂಗೇ ಹೋಗಿ. ವಾಪಸ್ ಬರಬೇಡಿ."

ಅಪ್ಪನ ವಯಸ್ಸಿನ ಮನುಷ್ಯನಿಗೆ ಆ ಮಾತು ಹೇಳಿದೆ. ಅವರು ಆ ಸವೆದ ಬಿಲ್ಲೆಯನ್ನು ಗುಜರಿ ಡಬ್ಬಕ್ಕೆ ಹಾಕಿ, ಹೊರಗೆ ಹೋಗಿ ಪಂಕ್ಚರ್ ಕೆಲಸಕ್ಕೆ ಕೂತರು. ಎರಡು ದಿನ ನನ್ನ ಹತ್ತಿರ ಟೀ ತೆಗೆದುಕೊಳ್ಳಲಿಲ್ಲ.

ಅವಳ ನಂಬರು ನನ್ನ ಮೊಬೈಲಿನಲ್ಲಿ ಇತ್ತು. ಆರು ವರ್ಷದಿಂದ ಇತ್ತು, ಅಳಿಸಿರಲಿಲ್ಲ. ಗುಬ್ಬಿಗೆ ಹೋಗುವ ರೈಲಿನಲ್ಲಿ ಎಷ್ಟೋ ಸಲ ತೆಗೆದು ನೋಡಿದೆ. ಒಂದು ಸಾಲು ಮೆಸೇಜು ಹಾಕಿದ್ದರೆ ಮುಗಿದುಹೋಗುತ್ತಿತ್ತು. 'ಚೈನ್ ಬದಲಾಯಿಸು', ಎರಡೇ ಪದ. ಆದರೆ ಹಾಕಿದರೆ ನಾನು ಸೋತಂತೆ ಎನಿಸುತ್ತಿತ್ತು. ಅವಳೇ ಫೋನ್ ಮಾಡಲಿ, ಚೈನು ಸದ್ದು ಮಾಡುತ್ತಿದೆ ಯಾಕಕ್ಕ ಎಂದು ಕೇಳಲಿ, ಆಗ ಹೇಳುತ್ತೇನೆ, ಚೆನ್ನಾಗಿ ನಾಲ್ಕು ಬಯ್ದು ಹೇಳುತ್ತೇನೆ ಎಂದುಕೊಂಡು ಕಾದೆ. ಮೊದಲ ವಾರ ಭಯವಿತ್ತು. ಎರಡನೇ ವಾರ ಏನೂ ಆಗಲಿಲ್ಲ ಎಂದಮೇಲೆ ಧೈರ್ಯ ಬಂತು. ಚಾಚಾಗೆ "ನೋಡಿದ್ರಾ, ಏನೂ ಆಗ್ಲಿಲ್ಲ" ಎಂದೂ ಅಂದೆ. ಅವರು ಪಂಪು ಎತ್ತಿಕೊಂಡು ಗಾಳಿ ಹೊಡೆಯತೊಡಗಿದರು.

ಮೂರನೇ ವಾರದಲ್ಲಿ ತಂಗಿಯ ಗಂಡನ ಫೋನು ಬಂತು. ತಿರುವಿನ ಹತ್ತಿರ ಎದ್ದು ನಿಂತು ತುಳಿಯುವಾಗ ಚೈನು ಹಾರಿ ಬಿದ್ದಿದ್ದಾಳೆ, ಬಲಗೈ ಮಣಿಕಟ್ಟು ಮುರಿದಿದೆ, ಮಂಡಿಗೂ ಪೆಟ್ಟು, ಎರಡು ತಿಂಗಳು ಸೈಕಲ್ ಮುಟ್ಟುವ ಹಾಗಿಲ್ಲ ಎಂದ. ಟಪಾಲು ನಿಲ್ಲುವಂತಿಲ್ಲವಲ್ಲ, ಮಾರನೇ ದಿನದಿಂದಲೇ ಪಕ್ಕದ ಊರಿನ ಬೈಕಿನ ಹುಡುಗ ಬ್ಯಾಗು ಹೊರುತ್ತಿದ್ದಾನಂತೆ. "ಅವನು ಒಂಬತ್ತೂವರೆಗೇ ಮುಟ್ಟಿಸ್ತಾನೆ ಅತ್ಗೆ. ಇನ್ನು ಇವಳಿಗೆಲ್ಲಿ ಕೊಡ್ತಾರೆ?" ಎಂದ. ಯಾರ ಮೇಲೂ ಆರೋಪವಿಲ್ಲದ ದನಿಯಲ್ಲಿ ಹೇಳಿದ.

ಫೋನ್ ಇಟ್ಟ ತಕ್ಷಣ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಇವಳಿಗೇನು ದಾಡಿ? ಚೈನು ಬದಲಾಯಿಸಿಕೊಳ್ಳಲು ಏನಾಗಿತ್ತು? ಅದೇ ಅಂಗಡಿಯಲ್ಲಿ ಬೆಳೆದವಳಲ್ಲವೇ? ಅಪ್ಪನ ಬಾಯಿಂದ ಆ ಮಾತು ಸಾವಿರ ಸಲ ಕೇಳಿದವಳಲ್ಲವೇ? ಬೇಕೆಂದೇ ಬಿದ್ದಳೋ ಏನೋ, ನನ್ನ ತಲೆಗೆ ಕಟ್ಟಲಿಕ್ಕೆ! ಹೀಗೆ ಬಯ್ಯುತ್ತಾ ಬಯ್ಯುತ್ತಾ ಮೊಳೆಗೆ ನೇತುಹಾಕಿದ್ದ ಒಂದು ಹೊಸ ಚೈನನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಅಂಗಡಿಯನ್ನು ಚಾಚಾಗೆ ಬಿಟ್ಟು ಕುಣಿಗಲ್ ಬಸ್ಸು ಹತ್ತಿದೆ. ಕೈ ಮುರಿದವಳಿಗೆ ಚೈನು ಯಾಕೆ ಎಂದು ಆಗ ಹೊಳೆಯಲೇ ಇಲ್ಲ. ಹಣ್ಣು ಹಂಪಲು ಒಯ್ಯಬೇಕು ಎಂದೂ ಹೊಳೆಯಲಿಲ್ಲ.

ಕುಣಿಗಲ್‌ನಲ್ಲಿ ಇನ್ನೊಂದು ಬಸ್ಸು ಹಿಡಿದು ಕೆಳಗಿನ ರಸ್ತೆಯಲ್ಲಿ ಇಳಿದೆ. ಅವಳ ಮನೆ ಮೇಲಿನೂರಿನಲ್ಲೇ. ಅವಳು ದಿನಾ ಬ್ಯಾಗು ಹೊತ್ತು ಹತ್ತುತ್ತಿದ್ದ ದಾರಿಯಲ್ಲೇ ನಾನು ಹತ್ತಬೇಕಾಯಿತು. ಎದುರಿಗೆ ಹುತ್ರಿದುರ್ಗದ ಬಂಡೆ, ಎರಡು ಕಡೆ ರಾಗಿ ಕೊಯ್ದ ಹೊಲ, ಮಧ್ಯೆ ಕಿತ್ತುಹೋದ ಡಾಂಬರು. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಏದುಸಿರು ಬಿಡುತ್ತಲೇ ಏರನ್ನು ಅಳೆಯುತ್ತಾ ಹೋದೆ. ಇಲ್ಲಿ ಹದಿನೆಂಟು ನಡೆಯುತ್ತದೆ, ಇಲ್ಲಿ ಇಪ್ಪತ್ತು ಬೇಕು. ಬೇವಿನ ಮರದ ತಿರುವು ಬಂದಾಗ ನಿಂತೆ. ಅಲ್ಲಿಂದ ಮುಂದೆ ರಸ್ತೆ ಒಮ್ಮೆಲೇ ಎದ್ದು ನಿಂತಿತ್ತು. ಇಪ್ಪತ್ತೆರಡು ಹಲ್ಲು, ಸರಿಯಾದ ಚೈನು ಇದ್ದಿದ್ದರೆ ಇಳಿಯದೆ ಹತ್ತುತ್ತಿದ್ದಳು. ಖಂಡಿತ ಹತ್ತುತ್ತಿದ್ದಳು. ತಿರುವಿನಾಚೆ ಜಲ್ಲಿ ಎದ್ದಿತ್ತು. ಅಲ್ಲೇ ಬಿದ್ದಿರಬೇಕು.

ಮನೆಯ ಜಗಲಿಯ ಮೇಲೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಬಲಗೈಗೆ ಬೆರಳ ಬುಡದಿಂದ ಮೊಣಕೈವರೆಗೆ ಬಿಳಿ ಕಟ್ಟು. ಮಂಡಿ ಊದಿಕೊಂಡಿತ್ತು. ನನ್ನನ್ನು ಕಂಡು ಮುಖ ಆ ಕಡೆ ತಿರುಗಿಸಿದಳು. ಸೈಕಲ್ಲು ಅಲ್ಲೇ ಗೋಡೆಗೆ ಒರಗಿತ್ತು. ನಾನು ಅವಳನ್ನು ಮಾತಾಡಿಸುವ ಮೊದಲು ಸೈಕಲ್ಲಿನ ಹತ್ತಿರ ಹೋಗಿ, ಪೆಡಲಿನ ಹಲ್ಲುಚಕ್ರದ ಮೇಲಿದ್ದ ಚೈನನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಒಳ್ಳೆಯ ಚೈನು ಹಲ್ಲು ಬಿಟ್ಟು ಏಳುವುದಿಲ್ಲ. ಇದು ಹಲ್ಲಿನ ಮೇಲಿಂದ ಪೂರ್ತಿ ಎದ್ದು ಬಂತು, ಮಧ್ಯೆ ಕಿರುಬೆರಳು ತೂರುವಷ್ಟು.

"ಕೂತ್ಕೊಳ್ಳಿ ಅತ್ಗೆ," ಎಂದು ತಂಗಿಯ ಗಂಡ ಒಳಗಿನಿಂದ ಚಾಪೆ ತಂದು ಹಾಸಿದ. ಒಳ್ಳೆಯ ಮನುಷ್ಯ. ಮಾತು ಹೆಚ್ಚು. "ನಾನು ಅವತ್ತೇ ಹೇಳ್ದೆ ಕಣತ್ಗೆ. ಫ್ರೀವೀಲ್ ಹಾಕಿಸ್ಕೊಂಡು ಬಂದ ದಿನವೇ. ಚೈನು ಕಟ್ ಕಟ್ ಅಂತದೆ, ಇದನ್ನೂ ಬದ್ಲಾಯ್ಸು ಅಂದೆ. ಎಲ್ಲಿ ಕೇಳ್ತಾಳೆ ಇವಳು?"

"ಸುಮ್ನಿರ್ರೀ," ಎಂದಳು ತಂಗಿ.

"ಯಾಕ್ ಸುಮ್ನಿರ್ಲಿ? ಇವಳು ಏನಂದ್ಲು ಗೊತ್ತಾ ಅತ್ಗೆ? 'ನಮ್ಮಕ್ಕ ಸ್ಯಾಂಪಲ್ ಹಿಡ್ಕೊಂಡು ಬೆಳಕಿಗೆ ನೋಡೇ ಕೊಟ್ಟವ್ಳೆ. ನಾನೂ ಚೈನ್ ಹೋಗೈತೇನೋ ಅಂದ್ಕೊಂಡಿದ್ದೆ. ಹೋಗಿದ್ರೆ ಅವಳು ಹೇಳದೆ ಕಳಿಸ್ತಿದ್ಲಾ? ನನ್ ಮೇಲೆ ಎಷ್ಟೇ ಹಗೆ ಇರ್ಲಿ, ಈ ವಿಷಯದಲ್ಲಿ ಅವಳು ಅಪ್ಪನ ಥರ. ಹೇಳ್ಲಿಲ್ಲ ಅಂದ್ಮೇಲೆ ಚೈನ್ ಇನ್ನೂ ನಡೀತದೆ, ಬುಡಿ' ಅಂದ್ಲು. ನೀವು ಹೇಳ್ಲಿಲ್ಲ ಅಂತ ಧೈರ್ಯವಾಗಿ ದಿನಾ ಎದ್ದು ನಿಂತ್ಕೊಂಡು ತುಳಿಯೋಳು."

ನನ್ನ ಕೈಯಲ್ಲಿ ಇನ್ನೂ ಆ ಚೈನು ಇತ್ತು. ಬಿಟ್ಟೆ. ಬೆರಳಿಗೆಲ್ಲ ಕರಿ ಹತ್ತಿತ್ತು. ತಂಗಿ ಈಗ ನನ್ನ ಕಡೆ ತಿರುಗಿದ್ದಳು. ಆರು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನನ್ನ ಮುಖ ನೋಡಿದಳು, ಆಮೇಲೆ ನನ್ನ ಬೆರಳು ನೋಡಿದಳು. ಹಲ್ಲು ಎಣಿಸದೆ ಲೆಕ್ಕ ಹೇಳುತ್ತಿದ್ದವಳಿಗೆ ಇದು ಎಷ್ಟು ಹೊತ್ತಿನ ಕೆಲಸ?

"ಅವತ್ತು ನೋಡಿದ್ದೆ ನೀನು," ಎಂದಳು.

ಸುಳ್ಳು ಹೇಳಬಹುದಿತ್ತು. ಗಡಿಬಿಡಿಯಲ್ಲಿ ಗಮನಿಸಲಿಲ್ಲ ಎಂದಿದ್ದರೆ ಅವಳ ಗಂಡನಂತೂ ನಂಬುತ್ತಿದ್ದ. ಆದರೆ ಅವಳ ಮುಂದೆ ಹಲ್ಲಿನ ವಿಷಯದಲ್ಲಿ ಸುಳ್ಳು ನಡೆಯುವುದಿಲ್ಲ.

"ನೋಡಿದ್ದೆ. ಚೈನ್ ಹೋಗಿದೆ ಅಂತ ಗೊತ್ತಿತ್ತು," ಎಂದೆ. "ಬೇಕು ಅಂತಲೇ ಹೇಳ್ಲಿಲ್ಲ."

ಅವಳು ಕಿರುಚಲಿಲ್ಲ. ಹನ್ನೊಂದನೇ ದಿನ ನೆಂಟರ ಮುಂದೆ ಕಿರುಚಿದ ದನಿಗಾಗಿ ನಾನು ಕಾದೆ, ಅದಾದರೂ ಬಂದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಅವಳು ಎಡಗೈಯಿಂದ ಬಲಗೈಯ ಕಟ್ಟನ್ನು ಸ್ವಲ್ಪ ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಳು.

"ಆರು ವರ್ಷ ದಿನಾ ನಿನ್ನ ಬಯ್ಕೊಂಡು ಓಡಾಡಿದೀನಿ," ಎಂದಳು. "ಏನೂ ಆಗಿರ್ಲಿಲ್ಲ ನಂಗೆ. ಇದೊಂದ್ಸಲ ನಂಬಿದೆ."

ನಾನು ಬ್ಯಾಗಿನಿಂದ ಹೊಸ ಚೈನು ತೆಗೆದು ಜಗಲಿಯ ಮೇಲೆ ಇಟ್ಟೆ. ಅವಳು ಅದನ್ನು ನೋಡಿ, "ತಗೊಂಡ್ಹೋಗು. ನಂಗೀಗ ಏರು ಹತ್ಸೋಕೆ ಏನೂ ಇಲ್ಲ," ಎಂದಳು. ಗಂಡ ಕಾಫಿ ಎಂದು ಏನೋ ಅಂದ. ಬೇಡ ಎಂದೆ. ಚೈನನ್ನು ಬ್ಯಾಗಿಗೆ ಹಾಕಿಕೊಂಡು, ಕುಣಿಗಲ್ ಬಸ್ಸಿಗೆ ಆ ಏರನ್ನು ಇಳಿದು ಬಂದೆ.